ಅಡುಗೆಮನೆ ಕಿಟಕಿಯ ಕಂಪ್ಯೂಟರು

ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಅದು ಸಿಡಿಯುವುದಕ್ಕೂ ಪಕ್ಕದ ಕೋಣೆಯಲ್ಲಿ ಮಗಳು ಕಿರುಚುವುದಕ್ಕೂ ಸರಿಹೋಯಿತು. ಹಾವೋ, ಕರೆಂಟ್ ಶಾಕೋ ಅಂತ ಸೌಟು ಹಿಡಿದುಕೊಂಡೇ ಓಡಿದೆ. ನೋಡಿದರೆ ಕುರ್ಚಿ ಮೇಲೆ ಕಾಲು ಮಡಚಿಕೊಂಡು, ಕಿವಿಗೆ ಹೆಡ್‌ಫೋನು ಸಿಗಿಸಿಕೊಂಡು, ಕಪ್ಪಗಾದ ಪರದೆಯನ್ನೇ ದಿಟ್ಟಿಸುತ್ತಾ ಕೂತಿದ್ದಾಳೆ.

"ಸತ್ತೋಯ್ತು," ಅಂದಳು.

"ಯಾರು?"

"ಕಂಪ್ಯೂಟರ್ ಅಮ್ಮ! ನಮ್ಮ ಟೀಮಿನ ನಾಲ್ಕು ಜನ ಅಲ್ಲಿ ಓಡಾಡ್ತಾವ್ರೆ, ನಾನೊಬ್ಬಳು ಬಾಗಿಲ ಹತ್ರ ಕಂಬದಂಗೆ ನಿಂತಿದ್ದೀನಿ. ಬಂದವರೆಲ್ಲ ಗುಂಡು ಹೊಡ್ಕೊಂಡು ಹೋಗ್ತಾ ಇರ್ತಾರೆ."

ಅಷ್ಟರಲ್ಲಿ ಒಲೆ ಮೇಲಿನ ಸಾಸಿವೆ ಸೀದುಹೋಗಿತ್ತು. ಆ ದಿನ ನಮ್ಮ ಮನೆಯಲ್ಲಿ ಎರಡು ವಸ್ತು ಅತಿಯಾಗಿ ಕಾದು ಕೆಟ್ಟವು. ಒಂದಕ್ಕೆ ಕಾರಣ ಗೊತ್ತಿತ್ತು. ಇನ್ನೊಂದರ ಕಾರಣ ಹುಡುಕಲು ಹತ್ತಿರ ಹತ್ತಿರ ಮೂರು ವಾರ ಹಿಡಿಯಿತು.

ನಮ್ಮದು ಚನ್ನಪಟ್ಟಣ. ಮನೆಯ ಮುಂಭಾಗದಲ್ಲಿ ನಮ್ಮ ಯಜಮಾನರ ಲೇತು. ಆಲೆ ಮರದ ತುಂಡು ತಿರುಗಿಸಿ ಬೊಂಬೆ, ಗಿಲಕಿ, ಕುಂಕುಮದ ಭರಣಿ ಮಾಡುತ್ತಾರೆ. ಹಿಂಭಾಗದಲ್ಲಿ ಅಡುಗೆಮನೆ. ನಡುವೆ ಮಗಳ ಕೋಣೆ. ಅವಳು ಡಿಗ್ರಿ ಕಡೇ ವರ್ಷ ಓದುತ್ತಾಳೆ ಅಂತ ಕಾಲೇಜಿನವರು ನಂಬಿದ್ದಾರೆ. ನಾನು ನೋಡಿದ ಮಟ್ಟಿಗೆ ಅವಳು ಸಂಜೆ ಆರರಿಂದ ಎಂಟರವರೆಗೆ ಗುಂಡು ಹೊಡೆಯುತ್ತಾಳೆ. ಐದು ಹುಡುಗಿಯರ ಟೀಮು. ಕನಕಪುರದವಳು ಕ್ಯಾಪ್ಟನ್, ಒಬ್ಬಳು ಮಾಗಡಿ, ಒಬ್ಬಳು ಬಿಡದಿ, ಒಬ್ಬಳು ರಾಮನಗರ, ಇವಳು ಇಲ್ಲಿ. ಒಬ್ಬರ ಮುಖ ಒಬ್ಬರು ಎದುರುಬದುರು ನೋಡಿದ್ದು ಎರಡೇ ಸಲವಂತೆ. ಆದರೂ ಇವಳ ಬಾಯಲ್ಲಿ ದಿನಾ ಬರುವ ಹೆಸರು ಅವರದೇ.

ಎರಡು ವರ್ಷ ಒಂದೊಂದೇ ಭಾಗ ತಂದು ಕಂಪ್ಯೂಟರನ್ನು ಜೋಡಿಸಿದವಳು ಅವಳೇ. ಪಕ್ಕದಲ್ಲಿ ಗಾಜು, ಒಳಗೆ ಕೆಂಪು ಹಸಿರು ದೀಪ, ಮೂರು ಫ್ಯಾನು. ಮೊದಲ ಸಲ ಉರಿಸಿ ತೋರಿಸಿದಾಗ ಇವರು, "ಏನವ್ವಾ ಇದು, ಬ್ಯಾಂಡ್ ಸೆಟ್ ಗಾಡಿ ಇದ್ದಂಗೈತೆ," ಅಂದಿದ್ದರು. ಆಮೇಲೆ ಒಂದು ದಿನ ಅದರ ಮುಂದಿನ ಜಾಲರಿ ಮೇಲೆ ಬೆರಳಾಡಿಸಿ ನೋಡಿದರು. ಬೆರಳು ಬೆಳ್ಳಗಾಯಿತು. ಲೇತಿನ ಮರದ ಪುಡಿ. ನಮ್ಮ ಮನೆಯಲ್ಲಿ ಆ ಪುಡಿ ಹೋಗದ ಜಾಗವಿಲ್ಲ. ಅನ್ನದಲ್ಲೂ ಸಿಕ್ಕುತ್ತದೆ, ನಾವು ಲೆಕ್ಕಕ್ಕಿಡುವುದಿಲ್ಲ.

"ನನ್ನ ಕಸುಬಿನ ಧೂಳು ನನ್ನ ಮಗಳ ಮೆಷಿನ್ ತಿನ್ನಬಾರದು," ಅಂದರು. ಹೀಗೆ ಶುರುವಾಯಿತು ಪೆಟ್ಟಿಗೆ.

ಈ ಪೆಟ್ಟಿಗೆಯನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಇದರದೇ. ಮಗಳ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಹಳೇ ಕಿಟಕಿ ಇತ್ತು. ಅಡುಗೆಮನೆ ಆಮೇಲೆ ಸೇರಿಸಿ ಕಟ್ಟಿದ್ದಾದ್ದರಿಂದ ಆ ಕಿಟಕಿಗೆ ಹೊರಗೂ ಇರಲಿಲ್ಲ, ಒಳಗೂ ಇರಲಿಲ್ಲ. ಇವರು ಅದರ ಸರಳು ಕಿತ್ತು, ಅಳತೆಗೆ ಸರಿಯಾಗಿ ಮರದ ಪೆಟ್ಟಿಗೆ ಮಾಡಿ ಅಲ್ಲಿ ಕೂರಿಸಿದರು. ಕಂಪ್ಯೂಟರು ಅದರೊಳಗೆ. ಮಗಳ ಕಡೆಗೆ ಬಾಗಿಲು, ಬಾಗಿಲ ಕೆಳಗೆ ತೆಳು ಬಟ್ಟೆ ಕಟ್ಟಿದ ಸೀಳು, ತಣ್ಣನೆ ಗಾಳಿ ಬರಲು. ಹಿಂದಿನ ಭಾಗ ಅಡುಗೆಮನೆಯೊಳಕ್ಕೆ ಮುಂಚಾಚಿಕೊಂಡಿತ್ತು. ಅದರ ತಲೆ ಮೇಲೆ ಸಣ್ಣ ಸಣ್ಣ ಕಡೆದ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಒಂದು ಜಾಲರಿ, ಬಿಸಿ ಗಾಳಿ ಹೊರಗೆ ಹೋಗಲು. ಒಂದು ಕಡ್ಡಿ ಕೆಂಪು ಅರಗು, ಒಂದು ಹಳದಿ, ಒಂದು ಕೆಂಪು, ಒಂದು ಹಳದಿ. ಕೇದಗೆ ಗರಿ ಒತ್ತಿ ಒತ್ತಿ ಮುಖ ಕಾಣುವ ಹಾಗೆ ಹೊಳಪು ಬರಿಸಿದ್ದರು. ವರ್ಷಗಟ್ಟಲೆ ಅಂಗಡಿಯವರು ಹೇಳಿದ ಅದೇ ಗಿಲಕಿ ಮಾಡಿ ಮಾಡಿ ಬೇಸತ್ತಿದ್ದ ಮನುಷ್ಯ, ಆ ಹದಿನೈದು ದಿನ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಕೂರಿಸಿದ್ದು. ಡಿಸೆಂಬರ್‌ವರೆಗೆ ಎಲ್ಲ ಸರಿಯಿತ್ತು. ಧನುರ್ಮಾಸದ ಚಳಿ ಬಿತ್ತು, ಕಂಪ್ಯೂಟರಿಗೆ ಬಿಸಿ ತಾಗಿತು. ಇದೇ ಯಾರಿಗೂ ಅರ್ಥವಾಗದ್ದು. ಬೇಸಿಗೆಯಲ್ಲಿ ಕಾಯಬೇಕಾದ ಯಂತ್ರ ಚಳಿಗಾಲದಲ್ಲಿ ಕಾಯುವುದೆಂದರೇನು?

ಮಗಳು ನನಗೆ ತಿಳಿಸಿ ಹೇಳಿದಳು. ಒಳಗೆ ಪ್ರೊಸೆಸರ್ ಅಂತ ಬಿಸ್ಕತ್ತಿನಷ್ಟು ಒಂದು ಬಿಲ್ಲೆ ಇರುತ್ತದೆ, ಯೋಚನೆಯೆಲ್ಲ ಅದರದೇ, ಆಡುವಾಗ ಎಪ್ಪತ್ತೈದು ಡಿಗ್ರಿವರೆಗೆ ಹೋದರೆ ಸರಿ, ನೂರು ಮುಟ್ಟಿದರೆ ಸುಟ್ಟುಹೋಗಬಾರದು ಅಂತ ತನ್ನಷ್ಟಕ್ಕೆ ತಾನೇ ಆಫ್ ಆಗುತ್ತದೆ.

ಇವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಮಾನ ಇರೋ ಮೆಷಿನ್ ಕಣಮ್ಮಿ. ನಿನಗೆ ಬಿಸಿ ಏರಿದ್ರೆ ನೀನು ಆಫೇ ಆಗಲ್ಲ," ಅಂದರು ನನ್ನ ಕಡೆ ನೋಡಿ.

ನಗೆಯಾಡಿಕೊಂಡು ಬಿಡಬಹುದಿತ್ತು, ಎರಡನೇ ಸಲವೂ ಆಫ್ ಆಗದಿದ್ದರೆ. ಆಯಿತು. ಮೂರನೇ ಸಲ ಆದಾಗ ಕನಕಪುರದ ಕ್ಯಾಪ್ಟನ್ ಫೋನು ಮಾಡಿದಳು. ಮಗಳು ಸ್ಪೀಕರಿಗೆ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

"ನೋಡೇ, ನಂಗೇನು ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ಸಂಕ್ರಾಂತಿ ಆದ್ಮೇಲಿನ ಭಾನುವಾರ ಮೂರು ಗಂಟೆಗೆ ಸೆಲೆಕ್ಷನ್ ಮ್ಯಾಚು. ಅದ್ರಲ್ಲಿ ಆಡಿದ ಐದು ಜನಾನೇ ವರ್ಷ ಪೂರ್ತಿ ಟೀಮು. ಅವತ್ತು ನಿನ್ನ ಡಬ್ಬ ಮಧ್ಯದಲ್ಲಿ ಮಲ್ಕೊಂಡ್ರೆ ನಾಲ್ಕೇ ಜನ ಆಗ್ತೀವಿ. ಮಂಡ್ಯದವಳು ಒಬ್ಳು ಕೇಳ್ತಾವ್ಳೆ."

"ಆಗಲ್ಲ ಅಕ್ಕ. ಸರಿ ಮಾಡಿಸ್ತೀನಿ."

"ಶನಿವಾರದವರೆಗೂ ನೋಡ್ತೀನಿ ಕಣೇ. ಆಮೇಲೆ ಬೈಕೋಬೇಡ."

ಫೋನಿಟ್ಟ ಮೇಲೆ ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಒಳಗೆ ಹೋಗುತ್ತಿದ್ದೆ. ಎದ್ದು ತಟ್ಟೆ ತೊಳೆದಿಟ್ಟಳು. ಇವಳು ಕೇಳದೇ ತಟ್ಟೆ ತೊಳೆದಳೆಂದರೆ ವಿಷಯ ಗಂಭೀರವಾಗಿದೆ ಅಂತ ನನಗೆ ಗೊತ್ತಾಯಿತು.

ಹಾಗಾಗಿ ನಾನು ಪುಸ್ತಕ ತೆಗೆದೆ.

ನನ್ನ ತವರು ಮಾಗಡಿ ತಾಲ್ಲೂಕಿನ ಕಲ್ಯ. ನಮ್ಮಪ್ಪನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುಮನೆಯ ಗೋಡೆಯಲ್ಲಿ ಒಂದು ಥರ್ಮಾಮೀಟರು ನೇತು ಹಾಕಿತ್ತು. ದಿನಕ್ಕೆ ನಾಲ್ಕು ಹೊತ್ತು ಅದನ್ನು ನೋಡಿ ಬರೆಯುವುದು ನನ್ನ ಕೆಲಸ. ಬಿಸಿ ಎಷ್ಟು, ಸೊಪ್ಪು ಯಾವಾಗ ಹಾಕಿದ್ದು, ಹುಳು ಎಷ್ಟನೇ ಜ್ವರಕ್ಕೆ ಕೂತಿವೆ. ಹುಳು ಪೊರೆ ಬಿಡುವ ಮುಂಚೆ ತಿನ್ನದೆ ತಲೆಯೆತ್ತಿ ಸುಮ್ಮನೆ ಮಲಗುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳು ಬಾಯಿ ಬಿಟ್ಟು ಹೇಳುವುದಿಲ್ಲ, ಬರೆದಿಟ್ಟದ್ದೇ ಹೇಳಬೇಕು ಅನ್ನುತ್ತಿದ್ದರು ಅಪ್ಪ. ಕಂಪ್ಯೂಟರೂ ಬಾಯಿ ಬಿಡುವುದಿಲ್ಲ. ಮಗಳು ಪರದೆಯ ಮೂಲೆಯಲ್ಲಿ ಡಿಗ್ರಿ ಕಾಣುವ ಹಾಗೆ ಮಾಡಿಕೊಟ್ಟಳು. ನಾನು ಅವಳ ಹಳೇ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದೆ. ಹೊತ್ತು, ಮೆಷಿನ್ನಿನ ಬಿಸಿ, ಕೋಣೆಯ ಬಿಸಿ, ಫ್ಯಾನಿನ ಸದ್ದು. ಕೊನೆಯಲ್ಲಿ ಒಂದು ಕಾಲಂ ಉಳಿಯಿತು, ಅದರಲ್ಲಿ 'ಮಗಳ ಮುಖ' ಅಂತ ಬರೆದೆ.

ಸಂಜೆ ಕಾಲು ಗಂಟೆಗೊಮ್ಮೆ ಅಡುಗೆಮನೆಯಿಂದ ಹೋಗಿ ನೋಡಿ ಬರೆಯುತ್ತಿದ್ದೆ.

"ಅಮ್ಮ, ಹಿಂದೆ ಬಂದು ನಿಂತ್ಕೋಬೇಡ. ಟೆನ್ಷನ್ ಆಗುತ್ತೆ."

"ನಿಂಗಲ್ಲ, ನಿನ್ನ ಬಿಸ್ಕತ್ತಿಗೆ ಬಂದಿರೋದು. ಎಪ್ಪತ್ತಾರು. ನೀನು ಆಡು."

ಈ ಪುಸ್ತಕದಿಂದ ಮೊದಲು ತಿಳಿದದ್ದೇನೆಂದರೆ ಏನೂ ತಿಳಿಯುವುದಿಲ್ಲ ಅಂತ. ಕೆಲವು ದಿನ ಎರಡು ಗಂಟೆ ಆಡಿದರೂ ಎಪ್ಪತ್ತೆಂಟು ದಾಟುತ್ತಿರಲಿಲ್ಲ. ಕೆಲವು ದಿನ ನಲವತ್ತು ನಿಮಿಷಕ್ಕೆ ತೊಂಬತ್ತೇಳು, ನೂರು, ಕತ್ತಲೆ. ಅದೇ ಆಟ, ಅದೇ ಕುರ್ಚಿ, ಅದೇ ಬೈಗುಳ.

ರಾಮನಗರದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ರಿಪೇರಿಯವನಿದ್ದಾನೆ. ಅವನ ಹತ್ತಿರ ಹೋದೆವು. ಇವರು ಕಂಪ್ಯೂಟರನ್ನು ಪೆಟ್ಟಿಗೆಯಿಂದ ತೆಗೆದು ಕಂಬಳಿ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡರು. ಕಂಡಕ್ಟರು ಬಗ್ಗಿ ನೋಡಿ, "ಏನ್ ಯಜಮಾನ್ರೇ, ಮಗೀಗೆ ಹುಷಾರಿಲ್ವಾ?" ಅಂದ.

"ಹೂಂ ಕಣಪ್ಪ. ಜ್ವರ."

ರಿಪೇರಿಯವನು ಅದನ್ನು ಮೇಜಿನ ಮೇಲಿಟ್ಟು ಎರಡು ಗಂಟೆ ಓಡಿಸಿದ. ಎಪ್ಪತ್ತೊಂದು. ಅಲುಗಾಡಲಿಲ್ಲ. ಡಾಕ್ಟರ ಮುಂದೆ ನಿಂತ ಕೂಡಲೇ ಕೆಮ್ಮು ನಿಲ್ಲುವ ಜಾತಿ. ಆದರೂ ಸುಮ್ಮನೆ ಕಳಿಸಬಾರದು ಅಂತ ಅವನು ಫ್ಯಾನಿನ ಧೂಳು ಊದಿದ, ಪ್ರೊಸೆಸರ್ ಮೇಲಿನ ಹಳೇ ಪೇಸ್ಟು ಒರೆಸಿ ಹೊಸದಾಗಿ ಬೂದು ಬಣ್ಣದ ಪೇಸ್ಟು ಹಚ್ಚಿದ. ಇವರು ಕತ್ತು ಚಾಚಿ ನೋಡಿದರು. "ಒಸಿ ತೆಳ್ಳಗೆ ಹಚ್ಚಪ್ಪ, ದಪ್ಪ ಬಳಿದ್ರೆ ಬಿಸಿ ದಾಟಲ್ಲ," ಅಂದರು. ಅರಗು ಬಳಿದು ಬಳಿದು ಅಭ್ಯಾಸವಾದ ಕಣ್ಣು. ರಿಪೇರಿಯವನು ಇವರನ್ನು ಒಮ್ಮೆ ನೋಡಿ, ಒಸಿ ಒರೆಸಿ ತೆಳ್ಳಗೆ ಮಾಡಿದ.

ಹೊರಡುವಾಗ ಕೇಳಿದ, "ಮನೇಲಿ ಎಲ್ಲಿಟ್ಟಿದ್ದೀರಾ?"

"ಪೆಟ್ಟಿಗೆಯಲ್ಲಿ," ಅಂದಳು ಮಗಳು.

"ಪೆಟ್ಟಿಗೆ?" ಅಂದವನು ಹುಬ್ಬೇರಿಸಿದ. ಆ ಹುಬ್ಬು ನಮ್ಮ ಜೊತೆ ಬಸ್ಸು ಹತ್ತಿ ಮನೆಗೆ ಬಂತು.

ಮರುದಿನ ಎಪ್ಪತ್ತಮೂರು ಡಿಗ್ರಿಯಲ್ಲಿ ಆಟ ಮುಗಿಯಿತು. ಮಗಳ ಮುಖ: ಹುಣ್ಣಿಮೆ. ಅದರ ಮಾರನೇ ದಿನ ನೂರು. ಮಗಳ ಮುಖ: ಬರೆಯಲಿಲ್ಲ.

ಆಮೇಲೆ ನಾವು ಮಾಡದ ಚಿಕಿತ್ಸೆಯಿಲ್ಲ. ಟೇಬಲ್ ಫ್ಯಾನು ತಂದು ಬಾಗಿಲಿಗೆ ಹಿಡಿದೆವು. ವೋಲ್ಟೇಜು ಏರುಪೇರು ಇರಬಹುದು ಅಂತ ಆ ಎರಡು ಗಂಟೆ ಇವರು ಲೇತು ನಿಲ್ಲಿಸಿ ಜಗುಲಿ ಮೇಲೆ ಕೂತರು. ಪಕ್ಕದ ಮನೆಯವರು ದೃಷ್ಟಿ ಇರಬೇಕು ಅಂದರು. ನಾನು ಅಂಥದ್ದನ್ನು ನಂಬುವವಳಲ್ಲ, ಆದರೆ ಮನೆಯಲ್ಲಿ ನಿಂಬೆಹಣ್ಣು ಹೇಗೂ ಇತ್ತು. ಇಳಿ ತೆಗೆದೆ. ಪುಸ್ತಕದಲ್ಲಿ ಇನ್ನೂ ಇದೆ ನೋಡಿ: ನಿಂಬೆಹಣ್ಣಿಗೆ ಮುಂಚೆ ತೊಂಬತ್ತಾರು, ನಿಂಬೆಹಣ್ಣಾದ ಮೇಲೆ ತೊಂಬತ್ತೇಳು.

"ಒಂದ್ ಡಿಗ್ರಿ ಜಾಸ್ತಿ ಮಾಡ್ತಲ್ಲಮ್ಮಿ ನಿನ್ನ ನಿಂಬೆಹಣ್ಣು," ಅಂದರು ಇವರು. ಅದನ್ನು ರಾತ್ರಿ ಚಿತ್ರಾನ್ನಕ್ಕೆ ಹಿಂಡಿದೆ. ದೇವರು ಏನಂದುಕೊಂಡನೋ ಗೊತ್ತಿಲ್ಲ, ಚಿತ್ರಾನ್ನ ಚೆನ್ನಾಗಿತ್ತು.

ಇಷ್ಟೆಲ್ಲ ಆದಮೇಲೆ ಉಳಿದದ್ದು ಪೆಟ್ಟಿಗೆ. ಅಂಗಡಿಯ ಮೇಜಿನ ಮೇಲೆ ಸರಿಯಿದ್ದದ್ದು ಮನೆಯ ಪೆಟ್ಟಿಗೆಯೊಳಗೆ ಕೆಡುತ್ತದೆ ಅಂದರೆ ತಪ್ಪು ಯಾರದು, ಮಗುವೂ ಹೇಳುತ್ತದೆ. ಆದರೆ ಅದನ್ನು ಇವರ ಮುಂದೆ ಹೇಳುವವರು ಯಾರು? ಎರಡು ದಿನ ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೊನೆಗೆ ಊಟಕ್ಕೆ ಕೂತಾಗ ನಾನೇ ಅಂದೆ.

"ಏನ್ರೀ, ಪೆಟ್ಟಿಗೆಯಿಂದ ಒಂದ್ಸಲ ಹೊರಗೆ ತೆಗೆದು ನೋಡಿದ್ರೆ?"

"ಯಾಕೆ?"

"ಒಳಗೆ ಸೆಖೆ ಆಗ್ತದೇನೋ ಅಂತ."

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ನೋಡಮ್ಮಿ. ಮೂವತ್ತು ವರ್ಷದಿಂದ ಅರಗು ಕರಗಿಸಿ ಬಣ್ಣ ಹಾಕ್ತಾ ಇವ್ನಿ. ಅರಗಿಗೆ ಬಿಸಿ ತಾಕಿದ್ರೆ ಮೆತ್ತಗಾಯ್ತದೆ, ಬೆರಳು ಇಟ್ರೆ ಅಂಟ್ತದೆ. ನಿನ್ನೆ ಆಫ್ ಆದ ತಕ್ಷಣ ಬಾಗಿಲು ಮುಟ್ಟಿ ನೋಡಿವ್ನಿ. ಕಲ್ಲಿದ್ದಂಗೈತೆ. ಬಿಸಿ ಪೆಟ್ಟಿಗೇದಲ್ಲ."

"ಅಪ್ಪಾ, ನಿನ್ನ ಅರಗು ಮೆತ್ತಗಾಗೋವರೆಗೂ ಕಾದ್ರೆ ನನ್ನ ಪ್ರೊಸೆಸರ್ ಬೂದಿ ಆಗಿರುತ್ತೆ," ಅಂದಳು ಮಗಳು.

"ಗಾಳಿ ಹೋಗಕ್ಕೆ ಮೇಲೆ ಜಾಲರಿ ಮಡಗಿಲ್ವೇನವ್ವಾ? ಕಡ್ಡಿಗೂ ಕಡ್ಡಿಗೂ ಬೆರಳು ತೂರೋ ಸಂದು ಬುಟ್ಟಿವ್ನಿ!"

"ಸಾಲ್ತಿಲ್ಲ ಅಪ್ಪ!"

ನಾನು ಯಾರ ಕಡೆ ಸೇರಿದೆ ಅಂತ ಕೇಳಬೇಡಿ. ಮಗಳ ಕಡೆ. ಸೇರಿದ್ದು ಮಾತ್ರವಲ್ಲ, "ಚೆಂದಕ್ಕೆ ಮಾಡಿದ ವಸ್ತು ಕೆಲಸಕ್ಕೆ ಬರಬೇಕು ಅಂತ ಏನಿದೆ," ಅಂತ ಒಂದು ಮಾತು ಸೇರಿಸಿದೆ. ಅವರು ಸಾರು ಕೇಳದೆ ಬರೀ ಮಜ್ಜಿಗೆಯಲ್ಲಿ ಮುದ್ದೆ ಮುಗಿಸಿ ಎದ್ದರು. ಆ ಮೇಲೆ ಮೂರು ದಿನ ಮನೆಯಲ್ಲಿ ಮಾತೆಲ್ಲ ಗೋಡೆಯ ಜೊತೆ. "ಕಾಫಿ ಆಗಿದ್ರೆ ಕೊಡಬೈದು," ಅಂತ ಅವರು ಕ್ಯಾಲೆಂಡರಿಗೆ ಹೇಳುತ್ತಿದ್ದರು.

ಸಂಕ್ರಾಂತಿ ಮುಗಿಯಿತು. ಎಳ್ಳು ಬೀರುವ ಮನೆಗಳಲ್ಲೆಲ್ಲ ನಾನು ಪ್ರೊಸೆಸರ್ ಬಿಸಿಯ ಬಗ್ಗೆಯೇ ಮಾತಾಡಿದೆನಂತೆ. ಶನಿವಾರ ಬಂತು. ಕ್ಯಾಪ್ಟನ್ ಕೊಟ್ಟ ಗಡುವು. ಸಂಜೆ ಆರಕ್ಕೆ ಮಗಳು ಕೂತಳು. ಆರೂವರೆಗೆ ಎಂಬತ್ತೆಂಟು ಬರೆದೆ. ಆರೂ ಮುಕ್ಕಾಲಿಗೆ ಬರೆಯಲು ಹೋಗುವಷ್ಟರಲ್ಲಿ ಪರದೆ ಕಪ್ಪಗಿತ್ತು.

ಅವಳು ಹೆಡ್‌ಫೋನು ತೆಗೆದಿಟ್ಟು, ಕ್ಯಾಪ್ಟನ್ನಿಗೆ ಫೋನು ಮಾಡಿ ಮುಗಿಸಿ, ನೇರ ಲೇತಿನ ಹತ್ತಿರ ಹೋಗಿ ನಿಂತಳು. ಕೂಗಲಿಲ್ಲ.

"ಅಪ್ಪಾ. ನಾಳೆ ಒಂದಿನಾನಾದ್ರೂ ನಿನ್ನ ಪೆಟ್ಟಿಗೆಯಿಂದ ಈಚೆ ತೆಗೀತೀಯಾ? ಅಕ್ಕನ ಕಾಲು ಹಿಡ್ಕೊಂಡು ನಾಳೆವರೆಗೂ ಅಂತ ಹೇಳಿದ್ದೀನಿ."

ಲೇತು ನಿಂತಿತು. "ಬೆಳಿಗ್ಗೆ ಪೆಟ್ಟಿಗೇನೇ ಕಿತ್ತಾಕ್ಬುಡ್ತೀನಿ ಬುಡವ್ವ," ಅಂದರು. ತೆಗೀತೀನಿ ಅನ್ನಲಿಲ್ಲ, ಕಿತ್ತಾಕ್ತೀನಿ ಅಂದರು. ಕಂಪ್ಯೂಟರನ್ನಷ್ಟೇ ಈಚೆ ತೆಗೆದಿಟ್ಟರೂ ಆಗುತ್ತಿತ್ತು, ಆದರೆ ನೊಂದ ಮನುಷ್ಯನಿಗೆ ಅಷ್ಟು ಸಾಲಲಿಲ್ಲ. ಆ ಪೆಟ್ಟಿಗೆ ಗೋಡೆಯ ಅಳತೆಗೆ ಬಿಗಿಯಾಗಿ ಕೂತದ್ದು. ಸ್ಕ್ರೂ ಬಿಚ್ಚಿ ಈಚೆ ಎಳೆಯುವ ಹಾಗಿರಲಿಲ್ಲ. ಅದನ್ನು ಒಡೆದೇ ತೆಗೆಯಬೇಕು.

ಭಾನುವಾರ ಬೆಳಿಗ್ಗೆ ದೋಸೆ. ಹಿಟ್ಟು ಸೊಗಸಾಗಿ ಉಬ್ಬಿತ್ತು. ಆ ಚಳಿಯಲ್ಲೂ ನನ್ನ ಹಿಟ್ಟು ಮಾತ್ರ ಪಾತ್ರೆ ತುಂಬಿ ಮುಚ್ಚಳ ಎತ್ತುತ್ತಿತ್ತು. ಬೀದಿಯ ಹೆಂಗಸರು ಏನು ಹಾಕ್ತೀಯಾ ಅಂತ ಕೇಳುತ್ತಿದ್ದರು, ನಾನು ಕೈಗುಣ ಅಂತಿದ್ದೆ. ಇವರು ನಾಲ್ಕು ದೋಸೆ ತಿಂದು, ಉಳಿ, ಸುತ್ತಿಗೆ ತಂದು, ಅಡುಗೆಮನೆ ಕಡೆಯಿಂದ ಜಾಲರಿಯ ಮುಂದೆ ನಿಂತರು. ಮೊದಲನೇ ಕಡ್ಡಿಗೆ ಉಳಿ ಹಾಕಿ ಮೀಟಿದರು. ಕೆಂಪು ಕಡ್ಡಿ ಟಕ್ಕೆಂದು ಬಂತು. ಅದನ್ನು ಪಂಚೆಯಲ್ಲಿ ಒರೆಸಿ ಶೆಲ್ಫಿನ ಮೇಲೆ ಇಟ್ಟರು. ಒಡೆಯುತ್ತಿರುವ ವಸ್ತುವನ್ನು ಯಾರಾದರೂ ಒರೆಸುತ್ತಾರೆಯೇ?

ನೋಡಲಾರದೆ ನಾನು ಗೋಡೆ ಕಡೆ ತಿರುಗಿದೆ. ಅಲ್ಲಿ ಕ್ಯಾಲೆಂಡರು. ನನ್ನದು ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಚಾಳಿ. ನಲ್ಲಿ ನೀರು ಬಿಟ್ಟ ದಿನಕ್ಕೆ 'ನೀ', ಸಿಲಿಂಡರು ಬಂದ ದಿನಕ್ಕೆ 'ಸಿ', ದೋಸೆಗೆ ರುಬ್ಬಿದ ದಿನಕ್ಕೆ 'ರು'. ಹೊತ್ತು ಕಳೆಯಲೆಂದು ಪುಸ್ತಕ ತೆಗೆದು ಕಂಪ್ಯೂಟರು ಆಫ್ ಆದ ದಿನಗಳನ್ನು ಕ್ಯಾಲೆಂಡರಿನ ಪಕ್ಕ ಹಿಡಿದೆ. ನೀರು ಬಿಟ್ಟ ದಿನ ವೋಲ್ಟೇಜು ಇಳಿಯುತ್ತದೋ ಏನೋ ನೋಡೋಣ ಅಂತ.

ನೀರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬುಧವಾರ ಆಫ್, ಕ್ಯಾಲೆಂಡರಿನಲ್ಲಿ 'ರು'. ಶನಿವಾರ ಆಫ್, 'ರು'. ಮುಂದಿನ ಬುಧವಾರ, 'ರು'. ನಡುವೆ ಒಂದು ಸೋಮವಾರ ಆಫ್ ಆಗಿತ್ತಲ್ಲ ಅಂತ ನೋಡಿದೆ. ನಾದಿನಿ ಮನೆಯವರು ಬರುತ್ತಾರೆ ಅಂತ ಆ ಸೋಮವಾರ ಹೆಚ್ಚಿಗೆ ರುಬ್ಬಿದ್ದೆ. 'ರು', ಪಕ್ಕದಲ್ಲಿ 'ದೊಡ್ಡ ಪಾತ್ರೆ' ಅಂತ ಬೇರೆ.

ಪುಸ್ತಕ ಮುಚ್ಚಿದೆ.

ಹೇಳಿಬಿಡುತ್ತೇನೆ. ಧನುರ್ಮಾಸದಲ್ಲಿ ಹಿಟ್ಟು ಹುಳಿ ಬರುವುದಿಲ್ಲ. ಒಲೆ ಪಕ್ಕ ಇಟ್ಟೆ, ಕಂಬಳಿ ಸುತ್ತಿದೆ, ಆಗಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಓಡಾಡುವಾಗ ಪೆಟ್ಟಿಗೆಯ ಜಾಲರಿಯಿಂದ ಬೆಚ್ಚಗೆ ಗಾಳಿ ಕೈಗೆ ತಾಗಿತು. ಬಾಣಂತಿ ಕೋಣೆಯ ಹಾಗೆ ಹಿತವಾದ ಬಿಸಿ. ಅಗಲವಾಗಿ, ಸಮತಟ್ಟಾಗಿ, ಪಾತ್ರೆ ಇಡಲಿಕ್ಕೇ ಮಾಡಿದ ಹಾಗಿತ್ತು. ಅವತ್ತಿನಿಂದ ರುಬ್ಬಿದ ಸಂಜೆ ಮಗಳು ಆಟಕ್ಕೆ ಕೂತ ಕೂಡಲೇ ಜಾಲರಿ ಮೇಲೆ ಟವಲು ಮಡಚಿ ಹಾಸಿ, ಹಿಟ್ಟಿನ ಪಾತ್ರೆ ಇಡುತ್ತಿದ್ದೆ. ಕಂಪ್ಯೂಟರು ಆಫ್ ಆದರೆ ಬಿಸಿ ಹೋಗುತ್ತದಲ್ಲ, ಆಗ ಒಲೆ ಪಕ್ಕಕ್ಕೆ ತೆಗೆದಿಡುತ್ತಿದ್ದೆ. ಇವರು ಲೇತು ಬಿಟ್ಟು ಒಳಗೆ ಬರುವಷ್ಟರಲ್ಲಿ ಪಾತ್ರೆ ತನ್ನ ಜಾಗದಲ್ಲಿ ಇರುತ್ತಿತ್ತು. ಕಾಲು ಗಂಟೆಗೊಮ್ಮೆ ಇತ್ತ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದೆ, ಅತ್ತ ಹೋಗಿ ಡಿಗ್ರಿ ಬರೆಯುತ್ತಿದ್ದೆ. ಮೂರು ವಾರ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಆ ಕ್ಷಣ ನನಗೆ ಮೊದಲು ಬಂದ ಯೋಚನೆ ಸುಮ್ಮನಿದ್ದುಬಿಡೋಣ ಅಂತ. ಪೆಟ್ಟಿಗೆ ಒಡೆದರೂ ಮಗಳ ಮೆಷಿನ್ನು ತಣ್ಣಗೇ ಇರುತ್ತದೆ. ಮ್ಯಾಚು ನಡೆಯುತ್ತದೆ. ನನ್ನ ಮಾನವೂ ಉಳಿಯುತ್ತದೆ. ಕ್ಯಾಲೆಂಡರಿನ ಹಾಳೆ ಹೇಗೂ ತಿಂಗಳ ಕೊನೆಗೆ ಹರಿದು ಹೋಗುತ್ತದೆ.

ಅಷ್ಟರಲ್ಲಿ ಇವರು ಎರಡನೇ ಕಡ್ಡಿಗೆ ಉಳಿ ಹಾಕಿದರು. ಹಳದಿ.

"ನಿಲ್ಸಿ," ಅಂದೆ.

"ಏನು?"

"ಒಡೀಬೇಡಿ. ಪೆಟ್ಟಿಗೆ ಸರಿಯಾಗೈತೆ."

"ಮತ್ತೆ ಏನ್ ಸರಿ ಇಲ್ಲ?"

"ನಾನು."

ಎಲ್ಲ ಹೇಳಿದೆ. ಮಗಳು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ನಿಂತಳು. ಹೇಳಿ ಮುಗಿಸಿದಾಗ ಮೂವರೂ ಜಾಲರಿಯನ್ನು ನೋಡಿದೆವು. ಅದರ ನಡುಮಧ್ಯದಲ್ಲಿ, ಟವಲಿನ ತೇವಕ್ಕೆ ಅರಗು ಬೆಳ್ಳಗಾಗಿ, ದುಂಡಗೆ ಪಾತ್ರೆಯ ತಳದ ಗುರುತು. ನನ್ನ ಹೆಬ್ಬೆಟ್ಟು ಒತ್ತಿದ ಹಾಗೆ.

"ಅಮ್ಮಾ," ಅಂದಳು ಮಗಳು, ಪೇಸ್ಟು ಉಗಿದು ಬಂದು, "ನಾನು ಇಲ್ಲಿ ಸಾಯ್ತಾ ಇದ್ರೆ ನೀನು ನನ್ನ ಪ್ರೊಸೆಸರ್ ಮೇಲೆ ಹಿಟ್ಟು ಹುಳಿ ಬರಿಸ್ತಾ ಇದ್ಯಾ?"

"ನೀನೂ ತಿಂದೆಯಲ್ಲೇ. ಐದೈದು."

ಇವರು ನಗಲಿಲ್ಲ. ಉಳಿ ಕೆಳಗಿಟ್ಟು, ಬಹಳ ಗಂಭೀರವಾಗಿ, "ಸುಮ್ನೆ ಬಾಯಿ ಮಾತಲ್ಲಿ ಒಪ್ಪಕಾಗಲ್ಲ. ಪಾತ್ರೆ ತಾ," ಅಂದರು. ಮಗಳನ್ನು ಆಟಕ್ಕೆ ಕೂರಿಸಿದರು. ಪುಸ್ತಕ, ಪೆನ್ನು ತಮ್ಮ ಕೈಗೆ ತೆಗೆದುಕೊಂಡರು. ಮೊದಲ ಅರ್ಧ ಗಂಟೆ ಪಾತ್ರೆಯಿಲ್ಲದೆ: ಎಪ್ಪತ್ತನಾಲ್ಕು. ಆಮೇಲೆ ಟವಲು ಹಾಸಿ ಪಾತ್ರೆ ಇಟ್ಟೆ. ಹತ್ತು ನಿಮಿಷಕ್ಕೆ ಎಂಬತ್ತಮೂರು. ಕಾಲು ಗಂಟೆಗೆ ತೊಂಬತ್ತೊಂದು.

"ತೆಗಿ, ತೆಗಿ! ಸಾಕು!" ಅಂತ ಮಗಳು ಆ ಕಡೆಯಿಂದ ಕೂಗಿದಳು.

"ಇರವ್ವ, ಒಸಿ ಸರಿಯಾಗಿ ನೋಡನ," ಅಂದರು ಇವರು. ಮೂರು ವಾರದ ಸೇಡು. ತೊಂಬತ್ತಮೂರಕ್ಕೆ ಅವರೇ ಪಾತ್ರೆ ಎತ್ತಿದರು. ಡಿಗ್ರಿ ಜಾರುಬಂಡೆ ಇಳಿದ ಹಾಗೆ ಇಳಿಯಿತು. ಆಮೇಲೆ ಟವಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಬರೀ ಪಾತ್ರೆ ಮಡಗಿದ್ರೆ ಸಂದಿನಲ್ಲಿ ಒಸಿ ಗಾಳಿ ಆಡ್ತಿತ್ತು. ಗಾಳಿ ಕಟ್ಟಿರೋದು ಇದು. ಟವಲ್ಲು ಯಾಕೆ ಹಾಸ್ದೆ?" ಅಂತ ಕೇಳಿದರು.

"ಪಾತ್ರೆ ತಳದಿಂದ ನಿಮ್ಮ ಅರಗಿಗೆ ಗೀರು ಬೀಳಬಾರದು ಅಂತ."

ಅವರು ಟವಲನ್ನು ಕೊಡವಿ, ಮಡಚಿ, ನನ್ನ ಕೈಗೆ ಕೊಟ್ಟರು. "ಕಾಫಿ ಮಾಡಮ್ಮಿ," ಅಂದರು. ಕ್ಯಾಲೆಂಡರಿಗಲ್ಲ, ನನಗೆ.

ಮೂರು ಗಂಟೆಗೆ ಮ್ಯಾಚು. ಕಿತ್ತ ಕೆಂಪು ಕಡ್ಡಿಯನ್ನು ವಾಪಸು ಕೂರಿಸಲು ಹೊತ್ತಿರಲಿಲ್ಲ, ಆ ಸಂದು ಹಾಗೇ ಉಳಿಯಿತು. ಇವರು ಅಡುಗೆಮನೆಯಲ್ಲಿ ಜಾಲರಿ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತರು. ನಾನು ನೀರಿನ ಲೋಟ ಹಿಡಿದು ಹಾದುಹೋದರೂ, "ಆ ಕಡೆಯಿಂದ ಹೋಗು," ಅನ್ನುತ್ತಿದ್ದರು. ನನಗೆ ಪುಸ್ತಕವನ್ನು ಮುಟ್ಟಲೂ ಬಿಡಲಿಲ್ಲ. ಮಗಳೇ ಐದೈದು ನಿಮಿಷಕ್ಕೆ ಆ ಕಡೆಯಿಂದ ಕೂಗಿ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಎಪ್ಪತ್ತೈದು. ಎಪ್ಪತ್ತಾರು. ಎಪ್ಪತ್ತೈದು. ಗೋಡೆಯಾಚೆ ಗುಂಡಿನ ಸದ್ದು, ಹುಡುಗಿಯರ ಕೂಗು, "ಬಲಗಡೆ ಬಲಗಡೆ ಬಲಗಡೆ, ಅಯ್ಯೋ ನಿನ್ನ ಬಲಗಡೆ ಅಲ್ವೇ, ನನ್ನ ಬಲಗಡೆ!"

ಹಿಂದಿನ ಸಂಜೆಯ ಕತ್ತಲೆ ಅವತ್ತು ಬರಲಿಲ್ಲ. ಸೋತರು. ಎರಡನೇ ಸುತ್ತಿನಲ್ಲಿ ಚೆನ್ನಾಗಿಯೇ ಸೋತರಂತೆ. ಮಾಗಡಿಯವಳು ತಪ್ಪು ಬಾಗಿಲಿಂದ ನುಗ್ಗಿದಳಂತೆ, ಬಿಡದಿಯವಳು ಸೀನಿದಳಂತೆ. ಆದರೆ ಐದು ಜನವೂ ಕೊನೆಯವರೆಗೆ ನಿಂತು ಸೋತರು. ಮುಗಿದ ಮೇಲೆ ಕ್ಯಾಪ್ಟನ್ನಿನ ಧ್ವನಿ ಸ್ಪೀಕರಿನಲ್ಲಿ ಬಂತು.

"ಆಯ್ತು ಬುಡ್ರೇ. ಇದೇ ಐದು ಜನ. ಲೇ ಚನ್ನಪಟ್ಟಣ, ಏನ್ ಮಾಡ್ಸಿದೆ ನಿನ್ನ ಡಬ್ಬಕ್ಕೆ? ಹೊಸ ಫ್ಯಾನಾ?"

"ಇಲ್ಲ ಅಕ್ಕ. ದೋಸೆ ನಿಲ್ಸಿದ್ವಿ."

ವಿವರಿಸಬೇಡ ಅಂತ ನಾನು ಬಾಗಿಲಲ್ಲಿ ಕೈಸನ್ನೆ ಮಾಡುತ್ತಲೇ ಇದ್ದೆ. ಅವಳು ವಿವರಿಸಿದಳು. ನಾಲ್ಕು ಊರಿನಿಂದ ನಾಲ್ಕು ಹುಡುಗಿಯರು ಒಟ್ಟಿಗೆ ನಕ್ಕ ಸದ್ದು ಅಡುಗೆಮನೆವರೆಗೆ ಬಂತು. "ಆಂಟೀ, ಇಡ್ಲಿ ಹಿಟ್ಟಿಗೆ ಎಷ್ಟು ಡಿಗ್ರಿ ಬೇಕು?" ಅಂತ ಯಾರೋ ಕೂಗಿದಳು. ಬಿಡದಿಯವಳೇ ಇರಬೇಕು.

ಮುಂದಿನ ವಾರವಿಡೀ ಹಿಟ್ಟು ಉಬ್ಬಲಿಲ್ಲ. ದೋಸೆ ಚಪ್ಪಟೆಯಾಗಿ, ಚರ್ಮದ ಹಾಗೆ ಬಂತು. ಯಾರೂ ಒಂದು ಮಾತಾಡದೆ ತಿಂದರು. ಮಾತಾಡದೆ ತಿನ್ನುವುದು ಮಾತಾಡುವುದಕ್ಕಿಂತ ಕೆಟ್ಟದ್ದು.

ಇವರು ಮತ್ತೆ ಹದಿನೈದು ದಿನ ಲೇತಿನ ಮುಂದೆ ಊಟ ಮರೆತು ಕೂತರು. ಹಳೇ ಸಮತಟ್ಟು ಜಾಲರಿ ತೆಗೆದು ಹೊಸದು ಹಾಕಿದರು. ಅದೇ ಕೆಂಪು, ಅದೇ ಹಳದಿ, ಅದೇ ಹೊಳಪು. ಆದರೆ ಈಗ ಅದು ಹೆಂಚಿನ ಮನೆಯ ಮಾಡಿನ ಹಾಗೆ ಎರಡು ಕಡೆಗೂ ಇಳಿಜಾರು. ನೋಡಿದವರೆಲ್ಲ ಎಷ್ಟು ಚೆಂದ ಅಂತಾರೆ. ಅದು ಯಾರಿಗಾಗಿ ಇಳಿಜಾರಾಯಿತು ಅಂತ ನಮ್ಮ ಮೂವರಿಗೆ ಮಾತ್ರ ಗೊತ್ತು.

ಅದರ ಮೇಲೆ ದೊಡ್ಡ ಪಾತ್ರೆ ನಿಲ್ಲುವುದಿಲ್ಲ. ಚಿಕ್ಕದೂ ನಿಲ್ಲುವುದಿಲ್ಲ. ಆದರೆ ಹಾಲಿನ ಬಟ್ಟಲನ್ನು ಅದರ ಮೇಲೆ ಒಂದು ಕೈಯಲ್ಲಿ ಹಿಡಿದುಕೊಂಡೇ ನಿಂತರೆ ಸುಮಾರು ಇಪ್ಪತ್ತು ನಿಮಿಷಕ್ಕೆ ಹೆಪ್ಪಿಗೆ ಬೇಕಾದಷ್ಟು ಬೆಚ್ಚಗಾಗುತ್ತದೆ, ಟವಲು ಬೇಕಾಗಿಲ್ಲ, ಮಗಳ ಕಡೆ ಒಂದೇ ಡಿಗ್ರಿ ಹೆಚ್ಚು. ಬರೆದಿಟ್ಟಿದ್ದೀನಿ.